ಕಮಲಾಪುರದಲ್ಲಿ ಬೆಳೆದ ಮಗಳು

ನಿಜಾಮರ ಕಾಲದ ಮಾತು. ಕಲಬುರಗಿಯ ಬಳೆಗಾರ ಲಾಲ್ ಅಹ್ಮದನ ಒಬ್ಬಳೇ ಮಗಳು ದಿಲ್ಶಾದ್ ಪ್ಲೇಗಿನ ವರ್ಷ ತೀರಿಕೊಂಡಳು. ಇನ್ನೂ ಹಾಲುಹಲ್ಲಿನ ಕೂಸು. ಮಣ್ಣು ಮಾಡಿ ಬಂದವನು ಒಂದು ಹನಿ ಕಣ್ಣೀರು ಹಾಕಲಿಲ್ಲ. ಹೆಂಡತಿ ಅಕ್ಬರಿ ಬೇಗಂ ಮಗಳ ಹೆಸರೆತ್ತಿದರೆ ಮಾತು ಮರೆಸುತ್ತಿದ್ದ. ಕೊನೆಗೆ ಅವಳೂ ಎತ್ತುವುದನ್ನು ಬಿಟ್ಟಳು. ಎಂಥ ಗಟ್ಟಿ ಗಂಡಸಪ್ಪಾ ಎಂದರು ಓಣಿಯ ಜನ. ಗಟ್ಟಿಯಂತೆ, ಮಣ್ಣು! ದುಃಖ ನುಂಗಿದರೆ ಜೀರ್ಣವಾಗುತ್ತದೇನು?

ಬಳೆಯ ಸರಗಳ ಮಲಾರ ಹೊತ್ತು ಕಮಲಾಪುರಕ್ಕೆ ಹೋದಾಗ ಬಾಳೆತೋಟದ ಶಂಕ್ರಮ್ಮ ಬಳೆಗೆ ಕೈ ಚಾಚಿ ಕೇಳಿದಳು: "ಮಕ್ಕಳೆಷ್ಟು ಬಳಗಾರಣ್ಣ?"

"ಒಬ್ಬಾಕಿ ಅದಾಳವ್ವ. ದಿಲ್ಶಾದ್."

ಬಾಯಿಂದ ಬಂದೇಬಿಟ್ಟಿತು. ಸುಳ್ಳು ಅನ್ನುತ್ತೀರೇನು? ಅನ್ನಿ ಬೇಕಾದರೆ. ಕೆಂಪುಬಾಳೆಯ ಆ ನೆರಳಲ್ಲಿ, ಹೆಂಗಸರ ನಗುವಿನ ನಡುವೆ, ಮಗಳು ಮನೆಯಲ್ಲಿ ದಾರಿ ಕಾಯುತ್ತಿದ್ದಾಳೆ ಅಂತಲೇ ಅವನಿಗೆ ಅನಿಸಿತು.

ಅಂದಿನಿಂದ ಕಲಬುರಗಿಯಲ್ಲಿ ಇಲ್ಲದವಳು ಕಮಲಾಪುರದಲ್ಲಿ ಬೆಳೆಯತೊಡಗಿದಳು. ಅವಳ ಅಳತೆಯ ಹಸಿರು ಬಳೆ ಮಲಾರದಲ್ಲಿ ಬೇರೆಯೇ ಇರುತ್ತಿತ್ತು. ವರ್ಷ ಕಳೆದಂತೆ ಸಣ್ಣದನ್ನು ಮಾರಿ ದೊಡ್ಡದನ್ನು ಇಡುತ್ತಿದ್ದ. ಮುಂಗೈ ತುಂಬಿಕೊಂಡಿದೆಯಂತೆ, ರೊಟ್ಟಿ ಬಡಿಯಲು ಕಲಿತಳಂತೆ, ಹಟವೆಂದರೆ ಹಟವಂತೆ! ಹೇಳುತ್ತ ಹೇಳುತ್ತ ಅವನ ಕಣ್ಣು ಎಲ್ಲೋ ತೇಲುತ್ತಿತ್ತು. ಮರಳುವ ದಾರಿಯುದ್ದಕ್ಕೂ ಅವಳು ಪಕ್ಕದಲ್ಲೇ ನಡೆಯುತ್ತಿದ್ದಳು. ಶಹರ ಕಂಡೊಡನೆ ಇರುತ್ತಿರಲಿಲ್ಲ.

ಆ ಬಳೆ ಶಂಕ್ರಮ್ಮನ ಕೈಯಳತೆಗೇ ಬಂದಾಗ ಅವಳು ಗದರಿದಳು: "ಇನ್ನೂ ಮನ್ಯಾಗ ಇಟ್ಕೊಂಡು ಕುಂತೀಯೇನಣ್ಣ? ಲಗ್ನ ಮಾಡು."

ಅವನು ನಿದ್ದೆಗಣ್ಣಿನವನ ಹಾಗೆ, "ಲಗ್ನ ಗಟ್ಟಿ ಆಗ್ಯಾದವ್ವ. ಶ್ರಾವಣ ಮುಗಿದ ಮ್ಯಾಲ" ಎಂದುಬಿಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶ್ರಾವಣ ಸೋಮವಾರ ಕಲಬುರಗಿಯ ಶರಣಬಸವೇಶ್ವರನ ಗುಡಿಗೆ ಬಂದ ಶಂಕ್ರಮ್ಮ ಕುಪ್ಪಸದ ಖಣ, ಬಾಳೆಹಣ್ಣು ಹಿಡಿದು, ಮನೆ ಕೇಳಿಕೊಂಡು ಬಂದೇಬಿಟ್ಟಳು.

"ಎಲ್ಲಿ ನಮ್ಮ ದಿಲ್ಶಾದ್? ಇಷ್ಟು ವರ್ಷ ಬರೀ ಅಪ್ಪನ ಬಾಯಾಗ ಕೇಳೀನಿ, ಇವತ್ತಾದ್ರೂ ಮದುಮಗಳ ಮುಖ ನೋಡ್ತೀನಿ!"

ಲಾಲ್ ಅಹ್ಮದ್ ಗಕ್ಕನೆ ಎದ್ದು ನಿಂತ. ಅಕ್ಬರಿಯ ಒಂದೇ ಮಾತಿಗೆ ಮಗಳು ಇನ್ನೊಮ್ಮೆ ಸಾಯುತ್ತಾಳೆ. ಬಾಗಿಲಲ್ಲಿದ್ದ ಅಕ್ಬರಿ ಗಂಡನ ಮುಖ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು. ಶಂಕ್ರಮ್ಮನ ಕೈ ಹಿಡಿದು ಕೂರಿಸಿದಳು.

"ಅಕ್ಕಾ, ನನ್ನ ಮಗಳು ಎಷ್ಟೆತ್ತರ ಆಗ್ಯಾಳ? ನನಗೊಂದೀಟು ಹೇಳ್ರಿ."

ಹೆತ್ತವಳೇ ಹೀಗೆ ಕೇಳಿದರೆ! ಶಂಕ್ರಮ್ಮನ ನಗು ಆರಿತು. ಅವಳಿಗೂ ಅರ್ಥವಾಯಿತು. ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನಷ್ಟೇ ಆಗ್ಯಾಳ ತಂಗಿ, ನಿನ್ನಷ್ಟೇ" ಎಂದಳು.

ಅಕ್ಬರಿ ಗಂಡನ ಕಡೆ ತಿರುಗಿದಳು. "ನನ್ನ ಬಿಟ್ಟು ಒಬ್ಬರೇ ಬೆಳೆಸಿದ್ರೇನು? ನಾ ಆಕಿ ತಾಯಿ ಅಲ್ಲೇನ್ರೀ?"

ಲಾಲ್ ಅಹ್ಮದ್ ಗೋಡೆಗೆ ಒರಗಿ ಕುಸಿದ. ಓಣಿಗೆಲ್ಲ ಕೇಳುವಂತೆ ಗೋಳೋ ಎಂದು ಅತ್ತ. ಅವಳಿಗೆ ಹೊಸ ಸುದ್ದಿ ಹೇಳುವವನಂತೆ, "ಸತ್ತಾಳ, ಅಕ್ಬರಿ," ಎಂದ, "ನಮ್ಮ ಕೂಸು ಸತ್ತುಹೋಗ್ಯಾಳ."