ತೊಟ್ಟಿಲಿಗೆ ಕಟ್ಟಿದ ಕೂಸು

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಫೋನ್ ಮಾಡಿದವಳು ನಾನೇ. ಪಕ್ಕದ ಮನೆಯಲ್ಲಿ ಕೂಸನ್ನು ಹಗ್ಗದಿಂದ ಕಟ್ಟಿದ್ದಾರೆ ಎಂದು ಮಕ್ಕಳ ರಕ್ಷಣೆಯವರಿಗೆ ತಿಳಿಸಿ, ನನ್ನ ಹೆಸರು ಹೇಳದೆ ಇಟ್ಟುಬಿಟ್ಟೆ. ಹಗ್ಗ ಅಂದೆ — ಅದು ಹಗ್ಗವಾಗಿರಲಿಲ್ಲ. ಇದನ್ನು ಆ ಕೂಸಿನ ತಾಯಿ ಐಗುಲ್‌ಗೆ ಓದಲಾಗದ ಭಾಷೆಯಲ್ಲಿ ಬರೆಯುತ್ತಿದ್ದೇನೆ, ಅದೂ ಹೇಡಿತನವೇ.

2002ರ ಬೇಸಿಗೆ, ಹ್ಯೂಸ್ಟನ್, ಹಿಲ್‌ಕ್ರಾಫ್ಟ್ ಹತ್ತಿರದ ಅಪಾರ್ಟ್‌ಮೆಂಟು. ಐಗುಲ್ ಕಜಾಕಸ್ತಾನದವಳು, ಗಂಡನಿಗೆ ತೈಲ ಕಂಪನಿಯಲ್ಲಿ ಕೆಲಸ. ಅವಳು ಕೊಟ್ಟಿದ್ದ ಬೌರ್ಸಾಕ್, ಅಂದರೆ ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆಗಳನ್ನು ತಿಂದು, ಖಾಲಿ ಪಾತ್ರೆ ಕೊಡಬಾರದೆಂದು ಪುಳಿಯೋಗರೆ ತುಂಬಿಕೊಂಡು ಹೋಗಿದ್ದೆ. ಬಾಗಿಲು ತೆರೆದಿತ್ತು. ಅವಳು ಅಡುಗೆಮನೆಯಲ್ಲಿ ಫೋನಿನಲ್ಲಿದ್ದಳು. ಹಾಲ್‌ನಲ್ಲಿ ಮರದ ತೊಟ್ಟಿಲು. ಅದರಲ್ಲಿ ಐದು ತಿಂಗಳ ತಿಮೂರ್ — ತೋಳು ಸೇರಿಸಿ ಎದೆಗೊಂದು, ಕಾಲಿಗೊಂದು ಅಗಲವಾದ ಬಟ್ಟೆಪಟ್ಟಿ ಬಿಗಿದು, ಅಲ್ಲಾಡದಂತೆ. ಅಳುತ್ತಿದ್ದ.

ಪಾತ್ರೆ ಇಟ್ಟು ಸದ್ದಿಲ್ಲದೆ ವಾಪಸ್ಸು ಬಂದೆ. ಒಂದು ಮಾತು ಕೇಳಬಹುದಿತ್ತು. ಮಕ್ಕಳ ಮನಶ್ಶಾಸ್ತ್ರದಲ್ಲಿ ಎಂಎ ಮಾಡಿದವಳು ನಾನು, ಕೇಳುವುದೇನಿದೆ ಅನ್ನಿಸಿತು. ನಮ್ಮ ಬಾಣಂತಿ ಕೋಣೆಗಳಲ್ಲಿ ಕೂಸುಗಳನ್ನು ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸುವುದನ್ನು ನೋಡಿಯೇ ಬೆಳೆದಿದ್ದೆ — ಆಗ ನೆನಪಾಗಲಿಲ್ಲ.

ಮರುದಿನ ಇಬ್ಬರು ಬಂದರು. ತೋಳಿನ ಮೇಲೆ ಪಟ್ಟಿಯ ಗುರುತು ಕಂಡು, ವಿಚಾರಣೆ ಮುಗಿಯುವವರೆಗೆ ಎಂದು ಕೂಸನ್ನು ಕರೆದೊಯ್ದರು. ಐಗುಲ್ ಬರಿಗಾಲಲ್ಲಿ ಕಾರಿನ ಹಿಂದೆ ಓಡಿ ರಸ್ತೆಗೇ ನುಗ್ಗಿದಳು. ಪಿಕಪ್ ಟ್ರಕ್ಕೊಂದು ಕಿರುಗುಟ್ಟಿ ಅವಳಿಂದ ಗೇಣು ದೂರದಲ್ಲಿ ನಿಂತಿತು. ನಾನು ಬಾಲ್ಕನಿಯಲ್ಲಿದ್ದೆ. ಇವತ್ತಿಗೂ ಎಲ್ಲಿ ಬ್ರೇಕಿನ ಸದ್ದಾದರೂ ಆ ಗೇಣೇ ಕಣ್ಣಿಗೆ ಬರುತ್ತದೆ — ಅದಿಷ್ಟೂ ಇಲ್ಲದೆ ಹೋಗಿದ್ದರೆ…

ಸಂಜೆ ಅವಳು ಬಂದದ್ದು ನನ್ನ ಮನೆಗೇ. "ಅದು ಬೆಸಿಕ್, ನಮ್ಮ ತೊಟ್ಟಿಲು. ಅತ್ತೆ ಕಳಿಸಿದ್ದು. ನನ್ನ ಗಂಡನೂ ಅದರಲ್ಲೇ ಬೆಳೆದಿದ್ದು. ಕಟ್ಟಿದರೇನೇ ಮಗುವಿಗೆ ನಿದ್ದೆ. ಯಾರು ಹೇಳಿರಬಹುದು?"

"ಮೂಲೆ ಮನೆ ಅಜ್ಜಿ ಇರಬಹುದು," ಅಂದುಬಿಟ್ಟೆ.

ತಿಮೂರ್‌ಗೆ ಉಣ್ಣೆಯ ಕಾಲುಚೀಲ ಹೆಣೆದುಕೊಟ್ಟಿದ್ದ ಒಂಟಿ ಹೆಂಗಸು ಆಕೆ. ಐಗುಲ್ ಅವನ್ನು ಆಕೆಯ ಬಾಗಿಲ ಮುಂದೆ ಎಸೆದು ಬಂದಳು.

"ನಿಜ ಹೇಳಿಬಿಡಲಾ?" ಎಂದು ಗಂಡನನ್ನು ಕೇಳಿದೆ.

"ಸುಮ್ನಿರು ಮಾರಾಯ್ತಿ. ವೀಸಾ ಮೇಲಿರೋರು ನಾವು."

ಆ ಮಾತು ನನಗೆ ನೆವವಾಯಿತು, ಅಷ್ಟೆ. ವಿಚಾರಣೆಯವರು ಬಂದು, ಆ ತಾಯಿ ಎಂಥವಳು ಎಂದು ಕೇಳಿದಾಗ, "ಅಷ್ಟು ಪರಿಚಯವಿಲ್ಲ" ಅಂದವಳು ನಾನೇ.

ಹನ್ನೊಂದನೆಯ ದಿನ ಕೂಸು ಮನೆಗೆ ಬಂತು. ಆದರೆ ಬೆಸಿಕ್ ಬಿಚ್ಚಿ ಪೆಟ್ಟಿಗೆಗೆ ಹಾಕಿದ್ದರು. ಪಟ್ಟಿಗಳಿಲ್ಲದ ಹೊಸ ಕ್ರಿಬ್ಬಿನಲ್ಲಿ ಅವನು ಬೆಚ್ಚಿ ಬೆಚ್ಚಿ ಏಳುತ್ತಿದ್ದ. ಎರಡು ತಿಂಗಳು, ಆ ಅಳು ಗೋಡೆ ದಾಟಿ ನನ್ನ ದಿಂಬಿಗೆ ಬರುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಐಗುಲ್ ಬಾಗಿಲು ಬಡಿದಳು. "ಸುಯಿಂಶಿ!" ಶುಭಸುದ್ದಿ ತಂದವರು ಅವರಲ್ಲಿ ಹಾಗೆ ಕೂಗುತ್ತಾರೆ, ಕೇಳಿದವರು ಏನಾದರೂ ಉಡುಗೊರೆ ಕೊಡಬೇಕು. "ರಾತ್ರಿಯಿಡೀ ಮಲಗಿದ! ನಾವೂ ಮಲಗಿದೆವು!"

ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಆಮೇಲೆ ಒಳಗೆ ಹೋಗಿ, ಅಮ್ಮ ಕಳಿಸಿದ್ದ ಬೆಳ್ಳಿ ಬಟ್ಟಲು ತಂದುಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು ನನ್ನ ಕೆನ್ನೆಗೆ ಮುತ್ತಿಟ್ಟಳು.

"ನೀನೊಬ್ಬಳು ಇರದಿದ್ದರೆ ಈ ದಿನಗಳನ್ನು ಹೇಗೆ ಕಳೆಯುತ್ತಿದ್ದೆನೋ."

ಕೂತುಕೋ, ಕಾಫಿ ಮಾಡುತ್ತೇನೆ ಅಂದೆ.