ಅಳಿಯನ ಪಾಲು

ಇಬ್ರಾಹಿಂಪುರದಲ್ಲಿ ರೈಲು ಹಳಿಯ ಕಡೆಯ ಓಣಿಯಲ್ಲಿ ಮಾಳವ್ವನ ಬಾಯಿಗೆ ಹೆದರದವರಿಲ್ಲ. ತೂಕದಲ್ಲಿ ಮೋಸ ಮಾಡಿದ ಕಾಯಿಪಲ್ಯೆಯವನಿಗೆ ಅವನ ತಕ್ಕಡಿಯಿಂದಲೇ ಬಾರಿಸಿದ ಹೆಂಗಸು. ಗಂಡ ಬದುಕಿದ್ದಾಗ ಅವನು ಒಂದು ಏಟು ಹಾಕಿದರೆ ಈಕೆ ಎರಡು ಹಾಕುತ್ತಿದ್ದಳು. ಇಂಥವಳು ಅಳಿಯ ಪ್ರತಾಪನ ಮುಂದೆ ಮಾತ್ರ ತಲೆ ತುಂಬ ಸೆರಗು ಹೊದ್ದು ಬೆಕ್ಕಿನ ಮರಿಯಾಗುತ್ತಿದ್ದಳು. ಮಗಳನ್ನು ಕೊಟ್ಟ ಮನೆ, ಏನು ಮಾಡುವುದು!

ಪ್ರತಾಪ ಟಿಕೋಟಾದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕುಡಿಯುವುದಿಲ್ಲ ಎಂಬುದನ್ನೇ ದೊಡ್ಡ ಗುಣವೆಂದು ತಿಳಿದು ಹೆಣ್ಣು ಕೊಟ್ಟಿದ್ದು. ಕುಡಿಯದೆಯೇ ಹೊಡೆಯುತ್ತಿದ್ದ, ಪುಣ್ಯಾತ್ಮ. ಮೈತುಂಬ ಬಾಸುಂಡೆ ಹೊತ್ತು ಮಗಳು ನೀಲಾ ತವರಿಗೆ ಬರುವುದು, ಅವನು ಕರೆದೊಯ್ಯಲು ಬರುವುದು, ಅವನ ಸಿಟ್ಟು ಇಳಿಸಲೆಂದು ಮಾಳವ್ವ ಕುರಿಯ ಪಕ್ಕೆಲುಬುಗಳನ್ನು ಹೊಗೆಯಲ್ಲಿ ಬೇಯಿಸಿ ಬಡಿಸುವುದು ರೂಢಿಯೇ ಆಗಿಹೋಗಿತ್ತು.

ಆ ಅಡುಗೆಯನ್ನು ಅವಳು ಕಲಿತದ್ದು ಹೆದ್ದಾರಿಯ ಧಾಬಾವೊಂದರಲ್ಲಿ ಪಾತ್ರೆ ತಿಕ್ಕುವಾಗ. ಧಾಬಾ ಮುಚ್ಚಿದಾಗ ಮಾಲಕ ಬೇಡವೆಂದು ಬಿಟ್ಟುಹೋದ ಕಬ್ಬಿಣದ ಪೆಟ್ಟಿಗೆಯನ್ನು ಟಂಟಂ ಆಟೋದಲ್ಲಿ ಹೇರಿಕೊಂಡು ಬಂದಿದ್ದಳು. ತಳದಲ್ಲಿ ಸಿಲಿಂಡರಿಗೆ ಜೋಡಿಸಿದ ಗ್ಯಾಸ್ ಒಲೆ, ಅದರ ಮೇಲೆ ಹೊಗೆಗೆಂದು ಜಾಲಿ ಕಟ್ಟಿಗೆಯ ಚಕ್ಕೆ ತುಂಬಿದ ತಟ್ಟೆ, ನಡುವೆ ನೀರಿನ ಬೋಗುಣಿ, ಮೇಲೆ ಮಾಂಸ ಹರವುವ ಜಾಳಿಗೆ. ಉರಿ ಏರಿಸಿದರೆ ಚಕ್ಕೆ ಭಗ್ಗೆಂದು ಹತ್ತಿ ಎಲ್ಲ ಕರಕಲು. ಬೆಳಗಿನಿಂದ ಮಧ್ಯಾಹ್ನದ ತನಕ ಸಣ್ಣ ಉರಿಯಲ್ಲಿಟ್ಟು ಕಾಯಬೇಕು. ಕಾಯುವುದು ಮಾಳವ್ವನ ಜಾಯಮಾನವೇ ಅಲ್ಲ. ಆದರೂ ಕಾಯುತ್ತಿದ್ದಳು. ಅಳಿಯನ ಹೊಟ್ಟೆ ತಣ್ಣಗಾದರೆ ಮಗಳು ಬದುಕಿಕೊಂಡಾಳು ಎಂಬ ಹುಚ್ಚು ಆಸೆ.

ಈ ಸಲ ಬಂದಾಗ ನೀಲಾಳ ಬಲಗಣ್ಣು ಬಾತು ಮುಚ್ಚಿಹೋಗಿತ್ತು, ಮುಂದಿನ ಹಲ್ಲೊಂದು ಇರಲಿಲ್ಲ. ಉಸಿರೆಳೆದರೂ ಪಕ್ಕೆ ಹಿಡಿದು ನರಳುತ್ತಿದ್ದಳು.

"ಯವ್ವಾ, ಮುಂದಿನ ಸಲ ನನ್ನ ಹೆಣಾನ ಬರತೈತಿ ನೋಡ ಬೇ," ಎಂದಳು.

ಮಾಳವ್ವ ಅವಳ ಪಕ್ಕೆಗೆ ಬಿಸಿ ಬಟ್ಟೆಯ ಶಾಖ ಕೊಟ್ಟಳು. ಆದರೂ ಭಾನುವಾರ ಹಿತ್ತಲಲ್ಲಿ ಪೆಟ್ಟಿಗೆ ಹಚ್ಚಿದಳು. ಚೆನ್ನಾಗಿ ಉಣಿಸಿ, ಕಾಲು ಹಿಡಿದಾದರೂ ಬೇಡಿಕೊಂಡರಾಯಿತು ಎಂದುಕೊಂಡಳು.

ಪ್ರತಾಪ ಬಂದವನೇ ಮೂಗರಳಿಸಿ ಹಿತ್ತಲಿಗೆ ನಡೆದ. ಹೆಂಡತಿಯ ಮುಖ ಕೂಡ ನೋಡಲಿಲ್ಲ. ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಹಲ್ಲು ಕಿರಿದ.

"ಏನ ವಾಸನಿರೀ ಅತ್ತೀ! ಖರೇ ಹೇಳತೇನಿ, ಇದನ್ನ ನೆನಸಿ ಬಾಯಾಗ ನೀರ ಬಂತಂದ್ರ ಇಕಿಗೆ ಎರಡ ಬಾರಸ್ತೇನಿ. ಇಕಿ ಇಲ್ಲಿಗೆ ಓಡಿ ಬರತಾಳ, ನೀವು ಪೆಟಗಿ ಹಚ್ಚತೀರಿ. ನನಗ ಹಬ್ಬಾ ನೋಡ್ರಿ!"

ಚೇಷ್ಟೆಗೆ ಅಂದನೋ ನಿಜಕ್ಕೆ ಅಂದನೋ, ಮಾಳವ್ವನಿಗೆ ಎರಡೂ ಒಂದೇ ಆಯಿತು. ಮಗಳನ್ನು ಬಡಿದದ್ದಕ್ಕೆ ತಾನೇ ಇನಾಮು ಕೊಡುತ್ತ ಬಂದೆನಲ್ಲ ಎಂದು ಮೈಯೆಲ್ಲ ಉರಿಯಿತು. ಚಕ್ಕೆ ಕೆದಕುವ ಸಲಾಕೆ ಕೈಯಲ್ಲೇ ಇತ್ತು, ತುದಿ ಕೆಂಪಗೆ ಕಾದಿತ್ತು. ಅವನ ದವಡೆಗೆ ಬೀಸಿದಳು.

ಚರ್ಮ ಚುರ್ರೆಂದಿತು. ಅವನು ಕಿರುಚುತ್ತ ಎದ್ದು ಅವಳ ಹೊಟ್ಟೆಗೆ ಒದ್ದ, ಜಡೆ ಹಿಡಿದು ಹಣೆಯನ್ನು ಪೆಟ್ಟಿಗೆಗೆ ಅಪ್ಪಳಿಸಿದ. ರಕ್ತ ಕಣ್ಣಿಗಿಳಿಯಿತು. ಇನ್ನೊಮ್ಮೆ ಅಪ್ಪಳಿಸುವಷ್ಟರಲ್ಲಿ ಒಳಗಿಂದ ಓಡಿಬಂದ ನೀಲಾ ಒನಕೆಯಿಂದ ಅವನ ಮೊಣಕಾಲಿಗೆ ಬಾರಿಸಿದಳು. ಏನೋ ಲಟಕ್ಕೆಂದಿತು, ಅವನು ಉರುಳಿಬಿದ್ದ. ಮಾಳವ್ವ ಅವನ ಎದೆಯ ಮೇಲೆ ಕೂತು ಅಲ್ಲೇ ಇದ್ದ ಮಾಂಸ ಕೊಚ್ಚುವ ಕತ್ತಿಯನ್ನು ಗಂಟಲಿಗೆ ಒತ್ತಿದಳು. ಬಹುವಚನದಲ್ಲೇ ಮಾತಾಡುತ್ತಿದ್ದವಳು ಅಳಿಯನನ್ನು ಮೊದಲ ಸಲ ಏಕವಚನದಲ್ಲಿ ಕರೆದಳು.

"ಲೇ, ಇನ್ನೊಮ್ಮಿ ನನ್ನ ಮಗಳ ನೆರಳ ತುಳದ್ರ ನಿನ್ನ ಪಕ್ಕೆಲಬ ಈ ಪೆಟಗ್ಯಾಗ ಬೇಯಸ್ತೇನಿ."

ಅವನು ಕಾಲೆಳೆದುಕೊಂಡು ಓಣಿ ದಾಟಿ ಹೋದ. ಮಾಳವ್ವ ಗ್ಯಾಸು ಆರಿಸಿ, ಪೆಟ್ಟಿಗೆ ತೆರೆದು, ಬೆಂದ ಮಾಂಸವನ್ನು ಎಲುಬಿನಿಂದ ಬಿಡಿಸಿ ನೀಲಾಳ ಬಾಯಿಗೆ ಇಟ್ಟಳು. ನೀಲಾ ಒಂದೇ ದವಡೆಯಲ್ಲಿ ಮೆಲ್ಲಗೆ ಅಗಿದಳು.

"ಯವ್ವಾ," ಎಂದಳು, "ಇದು ಹಿಂಗ ಇರತೈತೇನ?"

ಇಷ್ಟು ವರ್ಷ ಒಂದು ತುಂಡನ್ನೂ ಮಾಳವ್ವ ಮಗಳ ತಾಟಿಗೆ ಹಾಕಿರಲಿಲ್ಲ.