ಪುಟ್ಟ ಕಲ್ಲಿನ ಮೇಲೆ ಅಮ್ಮ ಓದಿದ್ದು

ಬಿಸಿಲಿಗೆ ಕಾದ ಕಲ್ಲಿನ ಮೇಲೆ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಮೈಸೂರಿನಲ್ಲಿ ಬೆಳೆದವರಿಗೆ ಅದು ಸಂಜೆ ತೊಳೆದ ಚಪ್ಪಡಿಯ ವಾಸನೆ ಇರಬಹುದು. ಕಡಲಾಚೆ ಫೋರ್ಟ್ ಮಿಲ್ ಎಂಬ ಊರಿನಲ್ಲಿ ಬೆಳೆದ ನನಗೆ ಅದು ಗೋರಿಕಲ್ಲಿನ ವಾಸನೆ, ಅಮ್ಮನ ವಾಸನೆ. ಹೋದ ಅಕ್ಟೋಬರಿನ ಒಂದು ಶನಿವಾರ, ವಾರವಿಡೀ ದುಡಿದು ಸೊಂಟ ಬಿದ್ದುಹೋಗಿದ್ದರೂ, ನಮ್ಮ ಹಳೆಯ ಮನೆಯ ಪಕ್ಕದ ಚರ್ಚಿಗೆ ಹೋದೆ. ಎಂದೋ ಸ್ಕಾಟ್ಲೆಂಡಿನಿಂದ ಬಂದವರು ಕಟ್ಟಿದ ಚರ್ಚು ಅದು. ಅಂಗಳದ ಗೋರಿಕಲ್ಲುಗಳ ಅಕ್ಷರ ಸವೆಯುತ್ತಿವೆ, ಪೂರ್ತಿ ಅಳಿಸುವ ಮೊದಲು ಬರೆದಿಡೋಣ ಬನ್ನಿ ಎಂದು ಮಾರ್ಗರೆಟ್ ಎಂಬ ಅಲ್ಲಿನ ಹಿರಿಯಾಕೆ ಊರವರನ್ನೆಲ್ಲ ಕರೆದಿದ್ದರು. ನಾನು ಹೋದದ್ದು ಒಂದೇ ಒಂದು ಕಲ್ಲಿಗಾಗಿ.

ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಕಾಣುತ್ತಿದ್ದುದು ಗೋರಿಗಳೇ. ಡಾಕ್ಟರಾಗಿದ್ದ ಅಪ್ಪ ಆಸ್ಪತ್ರೆಗೆ ಹತ್ತಿರವೆಂದು ಆ ಮನೆ ಹಿಡಿದಿದ್ದರು. ಮೊದಮೊದಲು ಅಮ್ಮ ಆ ಕಿಟಕಿಯ ಪರದೆಯನ್ನೇ ಸರಿಸುತ್ತಿರಲಿಲ್ಲವಂತೆ. ನನಗೆ ನೆನಪಿರುವ ಅಮ್ಮ ಮಾತ್ರ, ಒಗ್ಗರಣೆಯ ಘಮ ಇನ್ನೂ ಸೀರೆಯಲ್ಲಿರುವಾಗಲೇ, ಒಂದು ಕೈಯಲ್ಲಿ ನೀರಿನ ಚೊಂಬು, ಇನ್ನೊಂದರಲ್ಲಿ ನನ್ನನ್ನು ಹಿಡಿದು ಇಳಿಬಿಸಿಲಿನಲ್ಲಿ ಗೋರಿಗಳ ನಡುವೆ ನಡೆಯುತ್ತಿದ್ದವಳು. ಮೂಲೆಯಲ್ಲಿ ಒಂದು ಮಗುವಿನ ಕಲ್ಲಿತ್ತು, ಮೊಣಕಾಲೆತ್ತರದ್ದು. ನೀರು ಹೊಯ್ದರೆ ಓರೆ ಬಿಸಿಲಿಗೆ ಅದರ ಅಕ್ಷರಗಳು ಎದ್ದು ಕಾಣುತ್ತಿದ್ದವು. ನನಗಿನ್ನೂ ಓದು ಬಾರದ ಕಾಲ, ಅಮ್ಮ ಕನ್ನಡದಲ್ಲೇ ಓದಿ ಹೇಳುತ್ತಿದ್ದಳು: "ಬೆಳಕು ಹರಿಯೋಕ್ಮುಂಚೆ ಎದ್ದು ಹೋಗ್ಬಿಟ್ಲು ನಮ್ಮ ಪುಟ್ಟಿ. ಬಾಗಿಲು ಹಾಕಿಲ್ಲ ಕಂದ, ಯಾವಾಗ ಬೇಕಾದ್ರೂ ಬಾ." ಓದಲು ಕಲಿತ ಮೇಲೂ ನಾನು ಕಲ್ಲನ್ನು ನೋಡಲಿಲ್ಲ, ಅಮ್ಮನ ಬಾಯನ್ನೇ ನೋಡುತ್ತಿದ್ದೆ. ವಾಪಸು ಬಂದರೆ ಗರಾಜಿನ ಮುಂದೆ ಅಪ್ಪ ನಿಂತಿರುತ್ತಿದ್ದರು. "ಸ್ಮಶಾನ ಸುತ್ತಿ ಬಂದು ಹಾಗೇ ಒಳಗೆ ನುಗ್ಬೇಡಿ, ಕಾಲು ತೊಳ್ಕೊಳ್ಳಿ!"

"ನೀವು ಮಾತ್ರ ಆಸ್ಪತ್ರೆಯಿಂದ ನೆಟ್ಟಗೆ ಡೈನಿಂಗ್ ಟೇಬಲ್ಲಿಗೇ ಬರಬಹುದೇನೋ," ಎನ್ನುತ್ತಲೇ ಅಮ್ಮ ಗಾರ್ಡನ್ ಪೈಪು ಹಿಡಿದು ಮೊದಲು ನನ್ನ ಕಾಲು, ಆಮೇಲೆ ತನ್ನ ಕಾಲು ತೊಳೆಯುತ್ತಿದ್ದಳು. ಬೇಸಿಗೆಯಲ್ಲೂ ಆ ನೀರು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು.

ಕೋವಿಡ್ ವರ್ಷದಲ್ಲಿ ಅಮ್ಮ ಹೋದಳು. ಬೂದಿಯನ್ನು ಕಟಾಬಾ ನದಿಯಲ್ಲಿ ಬಿಟ್ಟೆವು. ನಮ್ಮಲ್ಲಿ ಕಲ್ಲು ನೆಡುವ ಪದ್ಧತಿಯಿಲ್ಲ. ಅಪ್ಪ ಕ್ಯಾರಿ ಎಂಬ ಊರಿನಲ್ಲಿ ನನ್ನ ಅಣ್ಣನ ಮನೆ ಸೇರಿದರು. ನಮ್ಮ ಮನೆ ಕೆಡವಿದ ಜಾಗದಲ್ಲಿ ಈಗ ಚರ್ಚಿನವರ ಪಾರ್ಕಿಂಗ್ ಇದೆ.

ಆ ಶನಿವಾರ ಕಲ್ಲಿನ ಮುಂದೆ ಮಂಡಿಯೂರಿ ಬಾಟಲಿಯ ನೀರು ಹೊಯ್ದೆ. ಮಾರ್ಗರೆಟ್ ಪಕ್ಕದಿಂದ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಬೀಳಿಸಿದರು. ಒಂದು ಅಕ್ಷರವೂ ಏಳಲಿಲ್ಲ. ಕಲ್ಲು ಒರಳಿನ ಒಳಗಿನ ಹಾಗೆ ನುಣ್ಣಗಾಗಿತ್ತು. ಇದರ ಮೇಲೆ ಏನಿತ್ತೆಂದು ನನಗೆ ಗೊತ್ತು ಎಂದೆ. ಅವರ ಮುಖ ಅರಳಿತು. ಕೆತ್ತಿದ್ದ ಇಂಗ್ಲಿಷ್ ಮಾತುಗಳನ್ನೇ ಹೇಳು, ಮಗುವಿನ ಹೆಸರು ಹೇಳು ಎಂದರು. ಆಗ ತಿಳಿಯಿತು, ಅವೆರಡೂ ನನ್ನಲ್ಲಿಲ್ಲ. ಅಷ್ಟು ವರ್ಷವೂ ಅವಳು ನನಗೆ ಬರೀ ಪುಟ್ಟಿ.

ಅಲ್ಲಿಂದಲೇ ಅಪ್ಪನಿಗೆ ಫೋನ್ ಮಾಡಿದೆ. "ಅಪ್ಪ, ಆ ಪುಟ್ಟಿ ಕಲ್ಲಿನ ಮೇಲೆ ಇಂಗ್ಲಿಷಲ್ಲಿ ಏನಿತ್ತು?"

"ನಾನ್ಯಾವತ್ತು ಆ ಕಡೆ ಬಂದಿದ್ದೆ ಹೇಳು? ನಿಮ್ಮಮ್ಮ ನನಗೂ ಕನ್ನಡದಲ್ಲೇ ಹೇಳಿದ್ದು ಕಣೇ." ಆಮೇಲೆ ಅಭ್ಯಾಸಬಲದಿಂದ ಅಂದರು: "ಆಯ್ತು, ಹೊತ್ತಾಯ್ತು. ಕಾಲು ತೊಳ್ಕೊಂಡು ಒಳಗೆ ಹೋಗು."

ಪಟ್ಟಿಯಲ್ಲಿ ಆ ಕಲ್ಲಿನ ಮುಂದೆ 'ಓದಲಾಗದು' ಎಂದು ಬರೆದುಕೊಂಡರು ಮಾರ್ಗರೆಟ್. ಅವರದೇನೂ ತಪ್ಪಿಲ್ಲ, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ನನಗೆ ಮಾತ್ರ ಅಮ್ಮ ಇನ್ನೊಮ್ಮೆ ಸತ್ತಂತಾಯಿತು. ಪಾರ್ಕಿಂಗಿಗೆ ಬಂದು, ನಮ್ಮ ಗರಾಜು ಇದ್ದಿರಬಹುದಾದ ಕಡೆ ಚಪ್ಪಲಿ ಬಿಟ್ಟು, ಬಾಟಲಿಯಲ್ಲಿ ಉಳಿದ ನೀರನ್ನು ಕಾಲಿಗೆ ಹೊಯ್ದುಕೊಂಡೆ. ಒಳಗೆ ಹೋಗಲು ಮನೆಯಿರಲಿಲ್ಲ. ಕಾಲು ಒಣಗುವವರೆಗೂ ಅಲ್ಲೇ ನಿಂತಿದ್ದೆ.